ಅಂಗವೈಕಲ್ಯ: ಪದದ ಅರ್ಥ, ಬಳಕೆ ಮತ್ತು ವ್ಯಾಪ್ತಿ

ದೇಹದ ಯಾವುದಾದರೊಂದು ಅಂಗ ಇಲ್ಲದಿರುವುದನ್ನು ಅಥವಾ ಇದ್ದೂ ತನ್ನ ಕೆಲಸವನ್ನು ಪೂರ್ಣವಾಗಿ ಮಾಡಲಾರದ ಸ್ಥಿತಿಯನ್ನು ಕನ್ನಡದಲ್ಲಿ ಅಂಗವೈಕಲ್ಯ ಎನ್ನುತ್ತಾರೆ. ಅಂಥ ಸ್ಥಿತಿಯಲ್ಲಿರುವವರು ಅಂಗವಿಕಲರು. ನಿಘಂಟಿನ ಮಟ್ಟಿಗೆ ಅರ್ಥ ಇಷ್ಟೇ. ಆದರೆ ಸರ್ಕಾರಿ ಅರ್ಜಿ ನಮೂನೆ, ಬಸ್ಸಿನ ಆಸನದ ಮೇಲಿನ ಬರಹ, ನ್ಯಾಯಾಲಯದ ತೀರ್ಪು, ಪತ್ರಿಕೆಯ ಶೀರ್ಷಿಕೆ, ಊರಿನ ಅರಳಿಕಟ್ಟೆಯ ಮಾತು ಇವೆಲ್ಲವೂ ಒಂದೇ ಪದವನ್ನು ಬಳಸುವುದಿಲ್ಲ. ಅಂಗವಿಕಲ, ವಿಕಲಾಂಗ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂಬ ಪದಗಳು ಒಂದರ ಹಿಂದೆ ಒಂದರಂತೆ ಬಂದಿವೆ. ಹಳೆಯವು ಮಾತ್ರ ಪೂರ್ತಿ ಹೋಗಿಲ್ಲ.

ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬ ಚರ್ಚೆ ಸೌಜನ್ಯಕ್ಕೆ ಸಂಬಂಧಿಸಿದ್ದೆಂದು ಹೊರನೋಟಕ್ಕೆ ತೋರುತ್ತದೆ. ಅದರಾಚೆಗೆ ಇನ್ನೊಂದು ಸಂಗತಿ ಇದೆ. ಪದದ ವ್ಯಾಪ್ತಿಯೊಳಗೆ ತಾನೂ ಸೇರಿದ್ದೇನೆಂದು ತಿಳಿದವರು ಮಾತ್ರ ಪ್ರಮಾಣಪತ್ರಕ್ಕೆ, ಮಾಸಾಶನಕ್ಕೆ, ಮೀಸಲಾತಿಗೆ ಅರ್ಜಿ ಹಾಕುತ್ತಾರೆ. ಕಾನೂನಿನಲ್ಲಿ ಅಂಗವೈಕಲ್ಯದ ಅರ್ಥ 2016ರಿಂದೀಚೆಗೆ ಬಹಳ ವಿಸ್ತಾರಗೊಂಡಿದ್ದರೂ ಜನರ ಮನಸ್ಸಿನಲ್ಲಿ ಅದು ಇನ್ನೂ ಕೈಕಾಲಿಗೇ ಸೀಮಿತವಾಗಿದೆ.

ಪದದ ಮೂಲ

ಅಂಗವಿಕಲ ಎಂಬುದು ಸಂಸ್ಕೃತದಿಂದ ಬಂದ ಸಮಾಸಪದ. ‘ಕಲಾ’ ಎಂದರೆ ಭಾಗ, ಅಂಶ. ಚಂದ್ರನ ಹದಿನಾರು ಕಲೆಗಳು ಎನ್ನುವಾಗಲೂ ಇದೇ ಅರ್ಥ. ಎಲ್ಲ ಭಾಗಗಳೂ ಕೂಡಿದ್ದು ‘ಸಕಲ’. ಭಾಗವೊಂದು ಇಲ್ಲದ್ದು ‘ವಿಕಲ’. ನಿತ್ಯದ ಮಾತಿನಲ್ಲಿ ಸಲೀಸಾಗಿ ಬಳಸುವ ಸಕಲ ಎಂಬ ಪದಕ್ಕೆ ವಿಕಲ ಎದುರುಪದವಾಗುತ್ತದೆ. ಹಳಗನ್ನಡದಲ್ಲಿ ಇದರ ‘ವಿಕಳ’ ಎಂಬ ರೂಪವೂ ಇದೆ.

ಅಂಗದಿಂದ ವಿಕಲನಾದವನು ಅಂಗವಿಕಲ. ಇದು ತತ್ಪುರುಷ ಸಮಾಸ. ವಿಕಲವಾದ ಅಂಗವನ್ನು ಉಳ್ಳವನು ವಿಕಲಾಂಗ. ಇದು ಬಹುವ್ರೀಹಿ ಸಮಾಸ; ವಿಕಲ ಮತ್ತು ಅಂಗ ಸೇರುವಲ್ಲಿ ಸವರ್ಣದೀರ್ಘ ಸಂಧಿ. ಹಿಂದಿಯಲ್ಲಿ ವಿಕಲಾಂಗ ಹೆಚ್ಚು ಪ್ರಚಾರಕ್ಕೆ ಬಂದರೆ ಕನ್ನಡದಲ್ಲಿ ಅಂಗವಿಕಲ ನೆಲೆಯೂರಿತು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಈ ಬಗೆಯ ಪ್ರಯೋಗಕ್ಕೆಂದೇ ಒಂದು ಸೂತ್ರವಿದೆ. ಯಾವ ಅಂಗದಲ್ಲಿ ವಿಕಾರವಿದೆಯೋ ಆ ಅಂಗವಾಚಕ ಪದಕ್ಕೆ ತೃತೀಯಾ ವಿಭಕ್ತಿ ಬರಬೇಕೆಂದು ಅದು ವಿಧಿಸುತ್ತದೆ. ‘ಕಾಲಿನಿಂದ ಕುಂಟ’ ಎಂಬ ವಾಕ್ಯರಚನೆಯ ಹಿಂದೆ ಇರುವುದು ಈ ನಿಯಮವೇ.

ವಿಕಲ ಎಂಬ ವಿಶೇಷಣದಿಂದ ಭಾವನಾಮ ಮಾಡಿದಾಗ ‘ವೈಕಲ್ಯ’ ಎಂದಾಗುತ್ತದೆ. ಸುಂದರದಿಂದ ಸೌಂದರ್ಯ, ವಿಶಿಷ್ಟದಿಂದ ವೈಶಿಷ್ಟ್ಯ ಆಗುವಂತೆಯೇ ಇದು. ಆದ್ದರಿಂದ ಸ್ಥಿತಿಯನ್ನು ಹೇಳುವಾಗ ಅಂಗವೈಕಲ್ಯ ಅಥವಾ ಅಂಗವಿಕಲತೆ ಎನ್ನಬೇಕು. ಅರ್ಜಿಗಳಲ್ಲಿಯೂ ಸುದ್ದಿಗಳಲ್ಲಿಯೂ ಆಗಾಗ ಕಾಣುವ ‘ಅಂಗವೈಕಲ್ಯತೆ’ ತಪ್ಪು ರೂಪ. ಸೌಂದರ್ಯತೆ, ಪ್ರಾಮುಖ್ಯತೆಗಳಂತೆ ಅಲ್ಲಿಯೂ ಭಾವಪ್ರತ್ಯಯ ಎರಡು ಬಾರಿ ಸೇರಿದೆ. ವ್ಯಕ್ತಿಯನ್ನು ಹೇಳುವಾಗ ಅಂಗವಿಕಲ, ಅಂಗವಿಕಲೆ, ಅಂಗವಿಕಲರು ಎಂಬ ರೂಪಗಳಿವೆ.

ಊರಿನ ಮಾತಿನಲ್ಲಿ

ಜನಸಾಮಾನ್ಯರ ಮಾತಿಗೆ ಈ ಸಂಸ್ಕೃತ ಸಮಾಸ ಬಂದದ್ದು ಬಹುಮಟ್ಟಿಗೆ ಸರ್ಕಾರಿ ಯೋಜನೆಗಳ ಮೂಲಕ. ಅದಕ್ಕೆ ಮೊದಲು ಎಲ್ಲ ಬಗೆಯ ನ್ಯೂನತೆಗಳನ್ನು ಒಟ್ಟಾಗಿ ಹೇಳುವ ಒಂದೇ ಪದ ಆಡುಮಾತಿನಲ್ಲಿ ಬೇಕೆನಿಸಿರಲಿಲ್ಲ. ಕುಂಟ, ಕುರುಡ, ಕಿವುಡ, ಮೂಗ, ಗೂನ, ಕುಳ್ಳ ಎಂದು ಒಂದೊಂದಕ್ಕೂ ಪ್ರತ್ಯೇಕ ಪದವಿತ್ತು. ಊನ, ಐಬು, ಕುಂದು ಎಂಬ ಪದಗಳು ದೋಷ ಎಂಬ ಸಾಮಾನ್ಯ ಅರ್ಥದಲ್ಲಿ ಬಳಕೆಯಲ್ಲಿದ್ದವು. ಇವುಗಳಲ್ಲಿ ಐಬು ಅರಬ್ಬಿ ಮೂಲದ್ದು.

ಹಳೆಯ ಕನ್ನಡದಲ್ಲಿ ಕುಂಟನಿಗೆ ‘ಹೆಳವ’ ಎಂಬ ಇನ್ನೊಂದು ಪದವಿದೆ. ಉತ್ತರ ಕರ್ನಾಟಕದಲ್ಲಿ ಮನೆತನಗಳ ವಂಶಾವಳಿಯನ್ನು ಹೇಳುತ್ತ ಊರೂರು ಸಂಚರಿಸುವ ಸಮುದಾಯದ ಹೆಸರೂ ಹೆಳವ. ತಮ್ಮ ಮೂಲಪುರುಷನಿಗೆ ಕಾಲಿನ ಊನವಿತ್ತು, ಅವನು ಎತ್ತಿನ ಮೇಲೆ ಕುಳಿತು ತಿರುಗುತ್ತಿದ್ದನು ಎಂಬ ಐತಿಹ್ಯ ಅವರಲ್ಲಿದೆ. ಹರಿದಾಸ ಸಾಹಿತ್ಯದಲ್ಲಿ ಪ್ರಸಿದ್ಧಳಾದ ಹೆಳವನಕಟ್ಟೆ ಗಿರಿಯಮ್ಮನ ಹೆಸರಿನಲ್ಲಿಯೂ ಈ ಪದ ಸ್ಥಳನಾಮವಾಗಿ ಉಳಿದಿದೆ. ದೇಹದ ಒಂದು ಸ್ಥಿತಿಯನ್ನು ಸೂಚಿಸುತ್ತಿದ್ದ ಪದ ಹೀಗೆ ಸಮುದಾಯಕ್ಕೂ ಊರಿಗೂ ಹೆಸರಾಗಿ ನಿಂತಾಗ ಅದರಲ್ಲಿ ಹೀಯಾಳಿಕೆಯ ಧ್ವನಿ ಉಳಿಯುವುದಿಲ್ಲ.

ವ್ಯಕ್ತಿಯನ್ನು ಕರೆಯುವಾಗ ಮಾತು ಬೇರೆಯಾಗುತ್ತದೆ. ಒಂದೇ ಹೆಸರಿನ ಇಬ್ಬರಿದ್ದರೆ ಗುರುತಿಗಾಗಿ ಒಬ್ಬನ ಹೆಸರಿನ ಹಿಂದೆ ‘ಕುಂಟ’ ಎಂದು ಸೇರಿಸುವ ರೂಢಿ ಹಳ್ಳಿಗಳಲ್ಲಿತ್ತು. ಕರೆಯುವವರಿಗೆ ಅದು ಗುರುತು. ಕರೆಸಿಕೊಳ್ಳುವವನಿಗೆ ಬದುಕಿನುದ್ದಕ್ಕೂ ಅಂಟಿಕೊಂಡ ಬಿರುದು. ಮನೆಯವರು, ನೆರೆಹೊರೆಯ ಹಿರಿಯರು ಗೌರವದಿಂದ ಮಾತನಾಡುವಾಗ ಈ ಪದಗಳನ್ನು ಬಿಟ್ಟು ವಾಕ್ಯವನ್ನೇ ಬದಲಿಸುತ್ತಾರೆ. ‘ಅವರಿಗೆ ಕಣ್ಣು ಕಾಣಿಸುವುದಿಲ್ಲ’, ‘ಕಿವಿ ಸ್ವಲ್ಪ ಮಂದ’, ‘ಬಲಗೈ ಸ್ವಾಧೀನವಿಲ್ಲ’, ‘ಚಿಕ್ಕಂದಿನಲ್ಲಿ ಪೋಲಿಯೊ ಆಗಿತ್ತು’, ‘ಲಕ್ವ ಹೊಡೆದಿದೆ’ ಎಂಬ ಮಾತುಗಳಲ್ಲಿ ತೊಂದರೆ ಇರುವುದು ಕಣ್ಣಿಗೆ, ಕಿವಿಗೆ, ಕೈಗೆ. ವ್ಯಕ್ತಿ ಇಡಿಯಾಗಿಯೇ ಉಳಿಯುತ್ತಾನೆ. ವಿಶ್ವಸಂಸ್ಥೆ ತನ್ನ ಒಡಂಬಡಿಕೆಯಲ್ಲಿ ವ್ಯಕ್ತಿಯನ್ನು ಮೊದಲು ಹೇಳಿ ಸ್ಥಿತಿಯನ್ನು ಅನಂತರ ಹೇಳುವ ಕ್ರಮವನ್ನು ಅನುಸರಿಸಿತು. ಹಳ್ಳಿಯ ಕನ್ನಡದ ಈ ವಾಕ್ಯಗಳು ಅದನ್ನು ಮೊದಲೇ ರೂಢಿಸಿಕೊಂಡಿದ್ದವು ಎನ್ನಬಹುದು.

ಗಾದೆ, ನುಡಿಗಟ್ಟು ಮತ್ತು ಶೀರ್ಷಿಕೆ

ನ್ಯೂನತೆಯ ಪದಗಳು ಭಾಷೆಯಲ್ಲಿ ರೂಪಕಗಳಾಗಿಯೂ ಹರಡಿವೆ. ಕುರುಡರ ರಾಜ್ಯದಲ್ಲಿ ಒಕ್ಕಣ್ಣನೇ ರಾಜ, ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಗಳು ಎಲ್ಲರಿಗೂ ಗೊತ್ತು. ಹೆಸರಿಲ್ಲದ ದೂರು ‘ಮೂಗರ್ಜಿ’. ಒಪ್ಪಲಾಗದ ಕಾರಣ ‘ಕುಂಟುನೆಪ’. ವಿಚಾರವಿಲ್ಲದ ವಿಶ್ವಾಸ ‘ಕುರುಡು ನಂಬಿಕೆ’. ಒಂಟಿಕಾಲಿನಲ್ಲಿ ಜಿಗಿಯುವ ಮಕ್ಕಳ ಆಟ ‘ಕುಂಟೆಬಿಲ್ಲೆ’. ಪತ್ರಿಕೆಗಳಂತೂ ‘ಕುಂಟುತ್ತ ಸಾಗಿದ ಕಾಮಗಾರಿ’, ‘ಅಧಿಕಾರಿಗಳ ಜಾಣಕುರುಡು’, ‘ಪೊಲೀಸರು ಮೂಕಪ್ರೇಕ್ಷಕರು’ ಎಂಬ ಶೀರ್ಷಿಕೆಗಳನ್ನು ದಶಕಗಳಿಂದ ಬಳಸುತ್ತ ಬಂದಿವೆ.

ಇವುಗಳೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೂಗರ್ಜಿ, ಕುಂಟೆಬಿಲ್ಲೆಗಳಲ್ಲಿ ಮೂಲ ಅರ್ಥ ಸವೆದುಹೋಗಿ ಅವು ಸ್ವತಂತ್ರ ಪದಗಳಾಗಿವೆ. ಜಾಣಕುರುಡಿನಂಥ ಪ್ರಯೋಗ ಹಾಗಲ್ಲ. ಅಲ್ಲಿ ನಿರ್ಲಕ್ಷ್ಯಕ್ಕೆ, ಬೇಜವಾಬ್ದಾರಿಗೆ ಕುರುಡುತನ ಪರ್ಯಾಯವಾಗುತ್ತದೆ. ಕಣ್ಣು ಕಾಣದವರು ಕಾಣುವವರಿಗಿಂತ ಹೆಚ್ಚು ಎಚ್ಚರದಿಂದ ಹೆಜ್ಜೆ ಇಡುತ್ತಾರೆಂಬುದನ್ನು ನೆನೆದರೆ ಈ ಹೋಲಿಕೆ ಎಷ್ಟು ಅಸಮಂಜಸವೆಂಬುದು ತಿಳಿಯುತ್ತದೆ.

‘ಕಿವುಡ–ಮೂಗ’ ಎಂದು ಜೋಡಿಸಿ ಹೇಳುವ ರೂಢಿಯೂ ತಿದ್ದಿಕೊಳ್ಳಬೇಕಾದದ್ದು. ಹುಟ್ಟಿನಿಂದ ಕಿವಿ ಕೇಳಿಸದ ಮಗುವಿನ ಧ್ವನಿ ಅಂಗಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಮಾತು ಕಿವಿಗೆ ಬೀಳದಿರುವುದರಿಂದ ಕಲಿಕೆ ಆಗುವುದಿಲ್ಲ, ಅಷ್ಟೇ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕೇಂದ್ರಗಳು ಎಳೆಯ ವಯಸ್ಸಿನಲ್ಲಿಯೇ ಶ್ರವಣ ಪರೀಕ್ಷೆ ಆಗಬೇಕೆನ್ನುವುದು ಇದೇ ಕಾರಣಕ್ಕೆ. ಸಂಜ್ಞಾಭಾಷೆ ಬಲ್ಲವರಿಗಂತೂ ಪೂರ್ಣ ಪ್ರಮಾಣದ ಭಾಷೆಯೇ ಇದೆ. ಅವರನ್ನು ಮೂಗರೆನ್ನುವುದು ವಾಸ್ತವಕ್ಕೂ ದೂರ.

ಅಂಗವಿಕಲದಿಂದ ವಿಕಲಚೇತನಕ್ಕೆ

ವಿಶ್ವಸಂಸ್ಥೆ 1981ನೇ ಇಸವಿಯನ್ನು ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಆಚರಿಸಿತು. 1992ರಿಂದ ಡಿಸೆಂಬರ್ 3ರಂದು ವಿಶ್ವ ಅಂಗವಿಕಲರ ದಿನಾಚರಣೆ ನಡೆಯುತ್ತಿದೆ. ಭಾರತದಲ್ಲಿ 1995ರಲ್ಲಿ ಮೊದಲ ಸಮಗ್ರ ಕಾಯ್ದೆ ಬಂತು. ಅಂಗವಿಕಲರ ಮಾಸಾಶನ, ಅಂಗವಿಕಲರ ಪಾಸು, ಅಂಗವಿಕಲರ ಕೋಟಾ ಎಂಬ ಮಾತುಗಳು ಮನೆಮಾತಾದದ್ದು ಈ ದಶಕಗಳಲ್ಲಿ. ಇವುಗಳ ಜೊತೆಗೆ ‘ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್’, ‘ಪಿ.ಎಚ್. ಕೋಟಾ’ ಎಂಬ ಇಂಗ್ಲಿಷ್ ರೂಪಗಳೂ ಕಚೇರಿಗಳಲ್ಲಿ ಸೇರಿಕೊಂಡವು.

ಅಂಗವಿಕಲ ಎಂಬ ಪದ ಕೊರತೆಯನ್ನೇ ಎತ್ತಿ ತೋರಿಸುತ್ತದೆ ಎಂಬ ಆಕ್ಷೇಪದಿಂದ ಕರ್ನಾಟಕದಲ್ಲಿ ವಿಕಲಚೇತನ ಎಂಬ ಪದ ಚಾಲ್ತಿಗೆ ಬಂತು. ರಾಜ್ಯ ಸರ್ಕಾರದ ಇಲಾಖೆಯೇ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ಎಂಬ ಹೆಸರು ಪಡೆಯಿತು. ಕನ್ನಡದಲ್ಲಿ ‘ಹಿರಿಯ ಚೇತನ’ ಎಂದು ಗೌರವದಿಂದ ಹೇಳುವ ರೂಢಿ ಇರುವುದರಿಂದ ಚೇತನ ಎಂಬುದು ಇಲ್ಲಿ ವ್ಯಕ್ತಿ ಎಂಬ ಅರ್ಥದಲ್ಲಿ ನಿಂತಿದೆ. ಆದರೆ ವ್ಯಾಕರಣದ ಕಣ್ಣಿನಿಂದ ನೋಡಿದರೆ ತೊಡಕೊಂದು ಎದುರಾಗುತ್ತದೆ. ಅಂಗವಿಕಲದಲ್ಲಿ ಊನವಿದ್ದದ್ದು ಅಂಗಕ್ಕೆ. ವಿಕಲಚೇತನದಲ್ಲಿ ಊನ ಚೇತನಕ್ಕೇ ತಗಲುತ್ತದೆ. ಬಹುವ್ರೀಹಿಯಾಗಿ ಬಿಡಿಸಿದರೆ ಪ್ರಜ್ಞೆ ವಿಕಲವಾಗಿರುವವನು ಎಂಬ ಅರ್ಥ ಹೊರಡುತ್ತದೆ. ಗೌರವ ಹೆಚ್ಚಿಸಲು ತಂದ ಪದ ಕೊರತೆಯನ್ನು ದೇಹದಿಂದ ಜೀವಕ್ಕೇ ವರ್ಗಾಯಿಸಿದಂತಾಯಿತು. ಪದಶಃ ಅರ್ಥವನ್ನು ಬಳಸುವವರು ಗಮನಿಸದೇ ಇರುವುದರಿಂದ ಪದ ರೂಢಿಯ ಬಲದಿಂದ ಉಳಿದಿದೆ.

ಇದೇ ಕಾರಣದಿಂದ ಇತ್ತೀಚಿನ ವರ್ಷಗಳಲ್ಲಿ ಕೆಲವು ಪತ್ರಿಕೆಗಳು ‘ವಿಶೇಷಚೇತನ’ ಎಂದು ಬರೆಯುತ್ತಿವೆ. ನೆರೆಯ ಭಾಷೆಗಳಲ್ಲಿಯೂ ಇಂಥ ಪ್ರಯತ್ನಗಳಾಗಿವೆ. ತಮಿಳಿನಲ್ಲಿ ಬದಲಿ ಸಾಮರ್ಥ್ಯ ಉಳ್ಳವರು ಎಂಬ ಅರ್ಥದ ‘ಮಾಟ್ರುತ್ತಿರನಾಳಿ’, ಮಲಯಾಳದಲ್ಲಿ ಭಿನ್ನ ಸಾಮರ್ಥ್ಯ ಎಂಬ ಅರ್ಥದ ‘ಭಿನ್ನಶೇಷಿ’ ಅಧಿಕೃತ ಬಳಕೆಯಲ್ಲಿವೆ. ಕಾಸರಗೋಡಿನ ಕನ್ನಡಿಗರಿಗೆ ಈ ಎರಡನೆಯ ಪದ ಪರಿಚಿತ.

ದಿವ್ಯಾಂಗ: ಒಪ್ಪಿದವರು, ಒಪ್ಪದವರು

ಪ್ರಧಾನಿ ನರೇಂದ್ರ ಮೋದಿ ಅವರು 2015ರ ಡಿಸೆಂಬರ್ 27ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ವಿಕಲಾಂಗ ಎಂಬುದಕ್ಕೆ ಬದಲಾಗಿ ದಿವ್ಯಾಂಗ ಎಂಬ ಪದವನ್ನು ಬಳಸಬಹುದೆಂದು ಸೂಚಿಸಿದರು. ಮರುವರ್ಷ ಕೇಂದ್ರದ ಇಲಾಖೆಯ ಹಿಂದಿ ಹೆಸರಿನಲ್ಲಿ ‘ದಿವ್ಯಾಂಗಜನ’ ಸೇರಿತು. ಹಿಂದಿಯ ಮೂಲಕ ಅದು ಕನ್ನಡದ ಸುದ್ದಿಗಳಿಗೂ ಕೇಂದ್ರ ಸರ್ಕಾರದ ಫಲಕಗಳಿಗೂ ಬಂದಿದೆ.

ಕೀಳರಿಮೆ ಹುಟ್ಟಿಸದ ಪದವೆಂದು ಇದನ್ನು ಸ್ವಾಗತಿಸಿದವರಿದ್ದಾರೆ. ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ಅನೇಕರು ಒಪ್ಪಲಿಲ್ಲ. ಪೋಲಿಯೊದಿಂದ ಸೊರಗಿದ ಕಾಲಿನಲ್ಲಿ ದಿವ್ಯವಾದದ್ದೇನೂ ಇಲ್ಲ, ಬೇಕಾಗಿರುವುದು ಇಳಿಜಾರು ಹಾದಿ ಮತ್ತು ಉದ್ಯೋಗ ಎಂಬುದು ಅವರ ವಾದದ ತಿರುಳು. ದೇಹದ ಸ್ಥಿತಿಯನ್ನು ದೈವದೊಂದಿಗೆ ಜೋಡಿಸಿದಾಗ ಹಕ್ಕಿನ ಜಾಗದಲ್ಲಿ ಕರುಣೆ ಬಂದು ಕೂರುತ್ತದೆ ಎಂಬ ಆತಂಕವೂ ಇದೆ. ಭಾರತದ ವರದಿಯನ್ನು 2019ರಲ್ಲಿ ಪರಿಶೀಲಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿಯು ಈ ಪದ ವಿವಾದಾತ್ಮಕವಾಗಿಯೇ ಉಳಿದಿದೆ ಎಂಬುದನ್ನು ದಾಖಲಿಸಿತು.

ವಿಕಲಚೇತನವೂ ದಿವ್ಯಾಂಗವೂ ಒಂದು ವಿಷಯದಲ್ಲಿ ಸಮಾನ. ಎರಡೂ ವ್ಯಕ್ತಿಯ ಮೇಲಿನ ಹೆಸರುಪಟ್ಟಿಯನ್ನು ಬದಲಿಸುತ್ತವೆ. ಅವನು ಹತ್ತಲಾಗದ ಮೆಟ್ಟಿಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಾನೂನು ಕೊಟ್ಟ ಅರ್ಥ

ಆ ಮೆಟ್ಟಿಲನ್ನು ಅರ್ಥದೊಳಕ್ಕೆ ತಂದದ್ದು ಕಾನೂನು. ವಿಶ್ವಸಂಸ್ಥೆಯ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆ 2006ರ ಡಿಸೆಂಬರ್‌ನಲ್ಲಿ ಅಂಗೀಕಾರಗೊಂಡಿತು. ಭಾರತ ಅದನ್ನು 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ರೂಪುಗೊಂಡ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016 ಮುಂದಿನ ವರ್ಷದ ಏಪ್ರಿಲ್ 19ರಿಂದ ಜಾರಿಯಲ್ಲಿದೆ.

ಈ ಕಾಯ್ದೆಯ ಪ್ರಕಾರ ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ನ್ಯೂನತೆ ಇದ್ದು, ಅದು ಸುತ್ತಲಿನ ಅಡೆತಡೆಗಳೊಂದಿಗೆ ಕೂಡಿ, ಇತರರಿಗೆ ಸಮಾನವಾಗಿ ಸಮಾಜದಲ್ಲಿ ಪಾಲ್ಗೊಳ್ಳಲು ಅಡ್ಡಿಯಾಗುವಂತಿದ್ದರೆ ಅಂಥವರು ಅಂಗವಿಕಲ ವ್ಯಕ್ತಿಗಳು. ನ್ಯೂನತೆ ದೇಹದಲ್ಲಿದೆ, ಅಡೆತಡೆ ಹೊರಗಿದೆ, ಎರಡೂ ಕೂಡಿದಾಗ ಅಂಗವೈಕಲ್ಯ. ಗಾಲಿಕುರ್ಚಿಯಲ್ಲಿ ಬಂದ ಮಹಿಳೆಗೆ ನಾಡಕಚೇರಿಯ ಬಾಗಿಲಲ್ಲಿ ಇಳಿಜಾರು ಇದ್ದರೆ ಆಕೆ ಇತರರಂತೆ ಅರ್ಜಿ ಕೊಟ್ಟು ಹೋಗುತ್ತಾಳೆ. ಐದು ಮೆಟ್ಟಿಲುಗಳಿದ್ದರೆ ಹೊರಗೇ ಉಳಿಯುತ್ತಾಳೆ. ಎರಡೂ ಸಂದರ್ಭಗಳಲ್ಲಿ ಆಕೆಯ ಕಾಲು ಒಂದೇ.

1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಇವೆ. ದೈಹಿಕ ಅಂಗವೈಕಲ್ಯದ ಗುಂಪಿನಲ್ಲಿ ಚಲನೆ, ದೃಷ್ಟಿ, ಶ್ರವಣ, ಮಾತು ಎಂಬ ನಾಲ್ಕು ಕವಲುಗಳು. ಚಲನೆಯ ಕವಲಿನಲ್ಲಿಯೇ ಕುಷ್ಠರೋಗದಿಂದ ಗುಣಮುಖರಾದವರು, ಮಿದುಳಿನ ಪಾರ್ಶ್ವವಾಯು ಉಳ್ಳವರು, ಕುಬ್ಜತೆ ಉಳ್ಳವರು, ಸ್ನಾಯುಕ್ಷಯ ಉಳ್ಳವರು, ಆ್ಯಸಿಡ್ ದಾಳಿಗೆ ತುತ್ತಾದವರು ಸೇರುತ್ತಾರೆ. ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರುವುದು ಕುಬ್ಜತೆ. ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್‌ನಷ್ಟು ಶ್ರವಣ ನಷ್ಟವಿದ್ದರೆ ಮಂದಶ್ರವಣ. ದೈಹಿಕ ಗುಂಪಿನ ಹೊರಗೆ ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ, ಪಾರ್ಕಿನ್‌ಸನ್ ಕಾಯಿಲೆ, ಹಿಮೋಫಿಲಿಯಾ, ಥಲಸ್ಸೇಮಿಯಾ, ಸಿಕಲ್ ಸೆಲ್ ಕಾಯಿಲೆಗಳಿವೆ. ಹಿಂದಿನ ಕಾಯ್ದೆಯ ಬುದ್ಧಿಮಾಂದ್ಯ ಎಂಬ ಪದದ ಜಾಗದಲ್ಲಿ ಬೌದ್ಧಿಕ ಅಂಗವೈಕಲ್ಯ ಎಂಬುದು ಬಂದಿದೆ.

ಪದ ತಿಳಿಯದೆ ತಪ್ಪುವ ಸೌಲಭ್ಯ

ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿದೆ ಎಂದು ಪ್ರಮಾಣೀಕರಿಸಲ್ಪಟ್ಟವರಿಗೆ ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ. 4, ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಮೀಸಲಾತಿಯನ್ನು ಕಾಯ್ದೆ ನೀಡಿದೆ. 2021ರ ಜೂನ್‌ನಿಂದ ಪ್ರಮಾಣಪತ್ರವನ್ನು ಯು.ಡಿ.ಐ.ಡಿ. ಜಾಲತಾಣದ ಮೂಲಕವೇ ನೀಡಬೇಕೆಂಬ ನಿಯಮವಿದೆ.

ಅರ್ಜಿ ಹಾಕಬೇಕಾದವನಿಗೆ ‘ಅಂಗವಿಕಲ’ ಎಂಬ ಪದ ತನಗೂ ಅನ್ವಯಿಸುತ್ತದೆಂದು ಗೊತ್ತಿರಬೇಕು. ಕೈಕಾಲು ನೆಟ್ಟಗಿರುವ ಹಿಮೋಫಿಲಿಯಾ ಬಾಲಕನ ತಂದೆಗೆ ಆ ಪದ ಹೊಳೆಯುವುದಿಲ್ಲ. ಕಿವಿ ಮಂದವಾದ ನೇಕಾರನು ಅದನ್ನು ವಯಸ್ಸಿನ ದೋಷವೆಂದುಕೊಳ್ಳುತ್ತಾನೆ. ಅಕ್ಷರಗಳನ್ನು ಓದಲು ಕಷ್ಟಪಡುವ ಮಗುವನ್ನು ದಡ್ಡನೆಂದು ಬಿಡುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಅರ್ಥ ಗೊತ್ತಿದ್ದರೂ ಮಗಳ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ ಪ್ರಮಾಣಪತ್ರವನ್ನೇ ಮಾಡಿಸುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇಂಥವರನ್ನು ಹುಡುಕಿ ಇಲಾಖೆಗೆ ತಲುಪಿಸಬೇಕಾಗುತ್ತದೆ.

ಎಣಿಕೆಯಲ್ಲಿಯೂ ಈ ತೊಡಕು ಕಾಣುತ್ತದೆ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2.68 ಕೋಟಿ, ಅಂದರೆ ಜನಸಂಖ್ಯೆಯ ಶೇ. 2.21. ಕರ್ನಾಟಕದಲ್ಲಿ ಸುಮಾರು 13.24 ಲಕ್ಷ. ದೇಶದ ಲೆಕ್ಕದಲ್ಲಿ ಚಲನೆಯ ತೊಂದರೆ ಉಳ್ಳವರು ಶೇ. 20ರಷ್ಟು; ದೃಷ್ಟಿ ಮತ್ತು ಶ್ರವಣದ ತೊಂದರೆ ಉಳ್ಳವರು ತಲಾ ಶೇ. 19ರಷ್ಟು. ಅಂಗವಿಕಲ ಎಂದೊಡನೆ ಊರುಗೋಲೇ ಕಣ್ಣಮುಂದೆ ಬಂದರೂ ಐವರಲ್ಲಿ ನಾಲ್ವರ ತೊಂದರೆ ಬೇರೆಯೇ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಜನಸಂಖ್ಯೆಯಲ್ಲಿ ಶೇ. 16ರಷ್ಟು ಮಂದಿಗೆ ಗಣನೀಯ ಪ್ರಮಾಣದ ಅಂಗವೈಕಲ್ಯವಿದೆ.

ಇಷ್ಟು ದೊಡ್ಡ ಅಂತರಕ್ಕೆ ಪ್ರಶ್ನೆ ಕೇಳುವ ರೀತಿಯೂ ಒಂದು ಕಾರಣ. ‘ನಿಮ್ಮ ಮನೆಯಲ್ಲಿ ಅಂಗವಿಕಲರಿದ್ದಾರೆಯೇ’ ಎಂದು ಕೇಳಿದರೆ ಇಲ್ಲ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಇದನ್ನರಿತು ವಿಶ್ವಸಂಸ್ಥೆಯ ಸಾಂಖ್ಯಿಕ ಆಯೋಗದಡಿ ರಚನೆಯಾದ ವಾಷಿಂಗ್ಟನ್ ಗುಂಪು ಆರು ಪ್ರಶ್ನೆಗಳ ಪಟ್ಟಿಯನ್ನು ಸಿದ್ಧಪಡಿಸಿದೆ. ಕನ್ನಡಕ ಹಾಕಿದರೂ ಕಾಣಲು ತೊಂದರೆಯೇ, ನಡೆಯಲು ಅಥವಾ ಮೆಟ್ಟಿಲು ಹತ್ತಲು ತೊಂದರೆಯೇ ಎಂಬಂತೆ ಅವು ಕೆಲಸವನ್ನು ಕುರಿತು ಕೇಳುತ್ತವೆ. ಅಂಗವೈಕಲ್ಯ ಎಂಬ ಪದ ಅವುಗಳಲ್ಲಿ ಬರುವುದೇ ಇಲ್ಲ.

ಅವಮಾನದ ಮಾತಿಗೆ ಶಿಕ್ಷೆ

ಸಾರ್ವಜನಿಕರ ಕಣ್ಣೆದುರು ಅಂಗವಿಕಲ ವ್ಯಕ್ತಿಯನ್ನು ಹೀಯಾಳಿಸುವ ಉದ್ದೇಶದಿಂದ ಅವಮಾನಿಸುವುದು ಅಥವಾ ಬೆದರಿಸುವುದು 2016ರ ಕಾಯ್ದೆಯ 92ನೇ ಕಲಮಿನಂತೆ ಅಪರಾಧ. ಆರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಚಲನಚಿತ್ರವೊಂದರ ವಿರುದ್ಧದ ಪ್ರಕರಣದಲ್ಲಿ 2024ರ ಜುಲೈ 8ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ದೃಶ್ಯಮಾಧ್ಯಮಗಳಲ್ಲಿ ಅಂಗವಿಕಲರ ಚಿತ್ರಣಕ್ಕೆ ಮಾರ್ಗಸೂಚಿಗಳನ್ನು ಕೊಟ್ಟಿತು. ಕೆಲವು ಪದಗಳು ಕಾಲಕ್ರಮದಲ್ಲಿ ಹೀನಾರ್ಥ ಪಡೆದು ತಾರತಮ್ಯವನ್ನು ಬೆಳೆಸುತ್ತವೆ ಎಂಬುದನ್ನು ಅದು ಸ್ಪಷ್ಟಪಡಿಸಿತು. ತೊದಲುವಿಕೆ, ಕುಂಟುನಡಿಗೆಗಳನ್ನು ಹಾಸ್ಯಕ್ಕೆ ಬಳಸುತ್ತ ಬಂದ ಕನ್ನಡ ಚಿತ್ರಗಳಿಗೂ ನಾಟಕಗಳಿಗೂ ಈ ಮಾತು ಸಲ್ಲುತ್ತದೆ.

ಬಳಸುವಾಗ ಗಮನಿಸಬೇಕಾದದ್ದು

* ಸ್ಥಿತಿಯನ್ನು ಹೇಳಲು ಅಂಗವೈಕಲ್ಯ. ವ್ಯಕ್ತಿಯನ್ನು ಹೇಳಲು ಅಂಗವಿಕಲ ವ್ಯಕ್ತಿ ಅಥವಾ ಅಂಗವೈಕಲ್ಯವುಳ್ಳವರು. ಅಂಗವೈಕಲ್ಯತೆ ಬೇಡ.

* ಇಲಾಖೆ, ಯೋಜನೆ, ಕಾಯ್ದೆಗಳ ಹೆಸರನ್ನು ಅಧಿಕೃತವಾಗಿ ಇರುವಂತೆಯೇ ಬರೆಯಬೇಕು. ಅಲ್ಲಿ ವಿಕಲಚೇತನ, ದಿವ್ಯಾಂಗಜನ ಎಂದಿದ್ದರೆ ತಿದ್ದುವಂತಿಲ್ಲ.

* ಸಾಧ್ಯವಾದಲ್ಲಿ ನಿರ್ದಿಷ್ಟವಾಗಿ ಹೇಳುವುದು ಮೇಲು. ದೃಷ್ಟಿಹೀನರು, ಮಂದದೃಷ್ಟಿಯವರು, ಶ್ರವಣದೋಷವುಳ್ಳವರು, ಗಾಲಿಕುರ್ಚಿ ಬಳಸುವವರು ಎಂಬಲ್ಲಿ ಗೊಂದಲವಿಲ್ಲ.

* ‘ಅಂಗವೈಕಲ್ಯದಿಂದ ಬಳಲುತ್ತಿರುವ’, ‘ಗಾಲಿಕುರ್ಚಿಗೆ ಸೀಮಿತನಾದ’ ಎಂಬ ಪ್ರಯೋಗಗಳು ಸಲ್ಲ. ಗಾಲಿಕುರ್ಚಿ ಸೆರೆಮನೆಯಲ್ಲ, ಓಡಾಟದ ಸಾಧನ.

* ಸುದ್ದಿಗೆ ಸಂಬಂಧವಿಲ್ಲದಿದ್ದರೆ ಅಂಗವೈಕಲ್ಯವನ್ನು ಪ್ರಸ್ತಾಪಿಸುವ ಅಗತ್ಯವೇ ಇಲ್ಲ.

* ವ್ಯಕ್ತಿ ತನ್ನನ್ನು ಹೇಗೆ ಕರೆದುಕೊಳ್ಳುತ್ತಾನೆಂದು ಕೇಳುವುದು ಉತ್ತಮ. ಕಿವುಡರ ಸಂಘಟನೆಗಳಲ್ಲಿ ಕಿವುಡ ಎಂಬ ಪದವನ್ನೇ ಹೆಮ್ಮೆಯಿಂದ ಬಳಸುವವರಿದ್ದಾರೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ನಾಡು ಅವರನ್ನು ಕರೆದದ್ದು ಗವಾಯಿಗಳು ಎಂದೇ. ವಿದ್ಯೆ ಮೊದಲು, ದೇಹಸ್ಥಿತಿ ಅನಂತರ ಎಂಬ ಆ ಕ್ರಮ ಗೌರವದ ಮಾತಿಗೆ ಸಾಕಷ್ಟು ಒಳ್ಳೆಯ ಮಾದರಿ. ಉಳಿದ ಕೆಲಸ ಪ್ರಮಾಣಪತ್ರದ್ದು. ಮನೆಯಲ್ಲಿಯೋ ನೆರೆಯಲ್ಲಿಯೋ 21 ಬಗೆಗಳಲ್ಲಿ ಒಂದಕ್ಕೆ ಸೇರಿದವರಿದ್ದರೆ ಅವರಿಗೆ ಈ ಪದದ ಇಂದಿನ ಅರ್ಥವನ್ನು ತಿಳಿಸಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನೋ ಜಿಲ್ಲೆಯ ವಿಕಲಚೇತನರ ಇಲಾಖೆಯ ಕಚೇರಿಯನ್ನೋ ವಿಚಾರಿಸಿದರೆ ಮುಂದಿನ ದಾರಿ ತಿಳಿಯುತ್ತದೆ.